ಮದುವೆ ಮನೆಯ ‘ರಾ’ ಫೋಟೋಗಳು

ಉಚ್ಚಿಲದ ಸಹೋದರಿಯೊಬ್ಬರ ಪ್ರಶ್ನೆಯನ್ನು ಈ ತಿಂಗಳು ಎತ್ತಿಕೊಳ್ಳುತ್ತಿದ್ದೇನೆ. ಅವರ ತಂಗಿಯ ಮದುವೆ ಈಚೆಗೆ ನಡೆಯಿತು. ಮದರಂಗಿ ರಾತ್ರಿಯ ಫೋಟೋಗಳನ್ನೂ ಮದುವೆಯ ದಿನ ಹೆಂಗಸರ ಕಡೆಯ ಫೋಟೋಗಳನ್ನೂ ಇವರೇ ತೆಗೆದಿದ್ದಾರೆ. ದುಬೈಯಿಂದ ಅಣ್ಣ ತಂದ ನಿಕಾನ್ ಕ್ಯಾಮರಾ ಅದು. ಯಾರೋ ಹೇಳಿದರೆಂದು ‘ರಾ’ ಎಂಬಲ್ಲಿಗೆ ತಿರುಗಿಸಿಟ್ಟು ತೆಗೆದಿದ್ದಾರೆ. ಈಗ ಕಂಪ್ಯೂಟರಿಗೆ ಹಾಕಿದರೆ ಆರುನೂರಕ್ಕೂ ಹೆಚ್ಚು ಫೈಲುಗಳು, ಒಂದೂ ತೆರೆಯುವುದಿಲ್ಲ. ಸ್ಟುಡಿಯೋದಲ್ಲಿ ವಿಚಾರಿಸಿದಾಗ, “ಹಾರ್ಡ್‌ಡಿಸ್ಕ್ ನಾಲ್ಕು ದಿನ ಇಲ್ಲಿ ಬಿಟ್ಟು ಹೋಗಿ, ಎಲ್ಲ ಕನ್ವರ್ಟ್ ಮಾಡಿ ಕೊಡುತ್ತೇವೆ” ಎಂದರಂತೆ. ಉಮ್ಮ ಒಪ್ಪುತ್ತಿಲ್ಲ. “ಹೆಣ್ಣುಮಕ್ಕಳ ಪಟ ಹೊರಗೆ ಕೊಡಬಾರದೆಂದೇ ನಿನ್ನ ಕೈಯಲ್ಲಿ ತೆಗೆಸಿದ್ದು, ಈಗ ಇಡೀ ಪೆಟ್ಟಿಗೆಯನ್ನೇ ಕೊಟ್ಟು ಬರುವುದಾ?” ಎನ್ನುವುದು ಅವರ ಮಾತು. ಸಾಧಾರಣ ಲ್ಯಾಪ್‌ಟಾಪಿನಲ್ಲಿ, ದೊಡ್ಡ ಖರ್ಚಿಲ್ಲದೆ, ಮನೆಯಲ್ಲೇ ಈ ಕೆಲಸ ಆಗುತ್ತದೆಯೇ ಎಂದು ಕೇಳಿದ್ದಾರೆ.

ಆಗುತ್ತದೆ. ಉಮ್ಮನ ಮಾತಿನಲ್ಲಿ ನ್ಯಾಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ‘ರಾ’ ಎಂದರೇನು ನೋಡೋಣ.

ಕ್ಯಾಮರಾದೊಳಗೆ ಹಿಂದೆ ಫಿಲ್ಮ್ ಇದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಚಿಪ್ಪು ಇರುತ್ತದೆ. ಬೆಳಕು ಅದರ ಮೇಲೆ ಬಿದ್ದಾಗ ಲಕ್ಷಗಟ್ಟಲೆ ಸಣ್ಣ ಕಣಗಳು ತಮಗೆ ಎಷ್ಟು ಬೆಳಕು ಸಿಕ್ಕಿತೆಂದು ಲೆಕ್ಕ ಬರೆದುಕೊಳ್ಳುತ್ತವೆ. ಈ ಕಣಗಳಿಗೆ ಬಣ್ಣ ತಿಳಿಯುವುದಿಲ್ಲ. ಅದಕ್ಕಾಗಿ ಒಂದೊಂದರ ಮೇಲೂ ಕೆಂಪು, ಹಸಿರು, ನೀಲಿ ಗಾಜಿನಂಥ ಸೋಸುಕ ಇಟ್ಟಿರುತ್ತಾರೆ. ಅರ್ಧದಷ್ಟು ಹಸಿರು, ಉಳಿದ ಅರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಕೊಡಕ್ ಕಂಪೆನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಇದರ ಪೇಟೆಂಟ್ ಸಿಕ್ಕಿತು, ಇವತ್ತಿಗೂ ಬಹುಪಾಲು ಕ್ಯಾಮರಾಗಳಲ್ಲಿ ಅದೇ ಜೋಡಣೆ. ಈ ಲೆಕ್ಕದ ಪಟ್ಟಿಯನ್ನು ಹೆಚ್ಚುಕಡಿಮೆ ಹಾಗೆಯೇ ಕಾರ್ಡಿಗೆ ಬರೆದಿಟ್ಟರೆ ಅದು ರಾ ಫೈಲ್. ಕ್ಯಾಮರಾ ತಾನೇ ಲೆಕ್ಕ ಕೂಡಿಸಿ, ಬಣ್ಣ ಹಾಕಿ, ಬೇಡವೆಂದು ಕಂಡದ್ದನ್ನು ಎಸೆದು, ಒತ್ತಿ ಸಣ್ಣದು ಮಾಡಿ ಕೊಟ್ಟರೆ ಅದು ಜೆಪೆಗ್.

ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಜೆಪೆಗ್ ಎಂದರೆ ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದ ಬಂಗುಡೆ. ರುಚಿಯಾಗಿಯೇ ಇರುತ್ತದೆ, ಕೂಡಲೇ ತಟ್ಟೆಗೆ ಬಡಿಸಬಹುದು. ಆದರೆ ಖಾರ ಹೆಚ್ಚಾಯಿತೆಂದು ಆಮೇಲೆ ತೆಗೆಯಲಾಗದು, ಅದನ್ನು ತಿರುಗಿ ಗಸಿ ಮಾಡಲೂ ಆಗದು. ರಾ ಎಂದರೆ ಆಗಷ್ಟೇ ದೋಣಿಯಿಂದ ಇಳಿಸಿದ ಹಸಿ ಮೀನು. ಹಾಗೆಯೇ ತಿನ್ನಲಾಗದು ನಿಜ, ಏನು ಬೇಕಾದರೂ ಮಾಡುವ ಅಧಿಕಾರ ಮಾತ್ರ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಲೆಕ್ಕದಲ್ಲೂ ಇದನ್ನು ನೋಡಬಹುದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲುಗಳು. 12 ಬಿಟ್ ರಾ ಫೈಲಿನಲ್ಲಿ 4096, 14 ಬಿಟ್‌ನದಾದರೆ 16384. ಮೆಟ್ಟಿಲು ಹೆಚ್ಚಿದ್ದಷ್ಟೂ ಕತ್ತಲೆಯ ಮೂಲೆಯಿಂದ ಮೇಲೆ ಎತ್ತುವಾಗ ಚಿತ್ರ ಹರಿಯುವುದಿಲ್ಲ. ಇದರ ಬೆಲೆ ಜಾಗ. 24 ಮೆಗಾಪಿಕ್ಸೆಲ್ ಕ್ಯಾಮರಾದ ಒಂದು ರಾ ಫೈಲ್ ಸುಮಾರು 25 ಎಂಬಿ ಬೇಡುತ್ತದೆ. ಆರುನೂರು ಫೋಟೋ ಎಂದರೆ 15 ಜಿಬಿ.

ಪ್ರಶ್ನೆ ಕೇಳಿದ ಸಹೋದರಿಯ ಫೈಲುಗಳ ಹೆಸರಿನ ಕೊನೆಗೆ ಎನ್‌ಇಎಫ್ ಎಂದಿರುತ್ತದೆ. ಅದು ನಿಕಾನ್ ಕಂಪೆನಿಯ ರಾ. ಕೆನಾನ್‌ನಲ್ಲಿ ಸಿಆರ್2 ಅಥವಾ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯೂ. ಒಂದೊಂದು ಕಂಪೆನಿಗೆ ಒಂದೊಂದು ಭಾಷೆ ಇದ್ದ ಹಾಗೆ. ಕಂಪ್ಯೂಟರಿಗೆ ಆ ಭಾಷೆ ಬಾರದಿದ್ದರೆ ತೆರೆಯುವುದಿಲ್ಲ, ಅಷ್ಟೇ. ಫೈಲು ಹಾಳಾಗಿದೆ ಎಂದು ಗಾಬರಿಯಾಗಬೇಡಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಲಂತೂ ಹೋಗಬೇಡಿ. ವಿಂಡೋಸ್ 10 ಮತ್ತು 11ರಲ್ಲಿ ನೋಡುವುದಕ್ಕೆ ಮಾತ್ರವಾದರೆ ಮೈಕ್ರೋಸಾಫ್ಟ್ ಅಂಗಡಿಯಲ್ಲಿ ‘ರಾ ಇಮೇಜ್ ಎಕ್ಸ್‌ಟೆನ್ಶನ್’ ಎಂಬುದು ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಬೇರೆ ಫೋಟೋಗಳಂತೆ ಇವೂ ಕಾಣಿಸಿಕೊಳ್ಳುತ್ತವೆ.

ತಿದ್ದುವುದಕ್ಕೆ ಏನು ಬೇಕು? ಫೋಟೋಶಾಪ್ ಎಂಬ ದೊಡ್ಡ ಹೆಸರು ಎಲ್ಲರಿಗೂ ಗೊತ್ತು. ಅದು ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಸಿಗುವಂಥದ್ದು, ಮನೆಯ ಕೆಲಸಕ್ಕೆ ಅಷ್ಟೆಲ್ಲ ಬೇಕಾಗಿಯೂ ಇಲ್ಲ. ಅದೇ ಅಡೋಬಿ ಕಂಪೆನಿ ಮನೆಮಂದಿಗಾಗಿ 2001ರಿಂದ ‘ಫೋಟೋಶಾಪ್ ಎಲಿಮೆಂಟ್ಸ್’ ಎಂಬ ಚಿಕ್ಕ ತಂಗಿಯನ್ನು ಮಾರುತ್ತ ಬಂದಿದೆ. 2004ರಲ್ಲಿ ಬಂದ ಅದರ ಮೂರನೇ ಆವೃತ್ತಿಯಿಂದ ರಾ ಫೈಲ್ ತೆರೆಯುವ ಕಿಟಕಿ ಅದರಲ್ಲೇ ಇದೆ. ಮೊದಲು ಒಮ್ಮೆ ದುಡ್ಡು ಕೊಟ್ಟರೆ ಎಷ್ಟು ವರ್ಷವಾದರೂ ಬಳಸಬಹುದಿತ್ತು. 2024ರ ಕೊನೆಗೆ ಬಂದ ಆವೃತ್ತಿಯಿಂದ ಮೂರು ವರ್ಷದ ಪರವಾನಗಿ ಎಂದು ಮಾಡಿದ್ದಾರೆ, ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು.

ದುಡ್ಡೇ ಕೊಡದೆ ಆಗುವ ದಾರಿಯೂ ಇದೆ. ನಿಕಾನ್ ಕ್ಯಾಮರಾ ಇರುವವರಿಗೆ ಆ ಕಂಪೆನಿಯದೇ ‘ಎನ್‌ಎಕ್ಸ್ ಸ್ಟುಡಿಯೋ’, ಕೆನಾನ್‌ನವರಿಗೆ ‘ಡಿಜಿಟಲ್ ಫೋಟೋ ಪ್ರೊಫೆಷನಲ್’, ಎರಡೂ ಪುಕ್ಕಟೆ. ಎಲ್ಲ ಕಂಪೆನಿಗಳ ಫೈಲಿಗೂ ಆಗುವಂಥ ‘ರಾಥೆರಪಿ’ ಮತ್ತು ‘ಡಾರ್ಕ್‌ಟೇಬಲ್’ ಎಂಬ ಮುಕ್ತ ತಂತ್ರಾಂಶಗಳಿವೆ. ಇವು ಬಲಶಾಲಿ, ಆದರೆ ಮೊದಲ ಬಾರಿ ತೆರೆದಾಗ ಮಂಗಳೂರಿನ ಸೆಂಟ್ರಲ್ ಮಾರ್ಕೆಟ್‌ಗೆ ಕಾಲಿಟ್ಟಂತೆ ಎಲ್ಲಿ ನೋಡಿದರೂ ಗುಂಡಿಗಳೇ. ಹೊಸಬರು ಎನ್‌ಎಕ್ಸ್ ಸ್ಟುಡಿಯೋ ಅಥವಾ ಎಲಿಮೆಂಟ್ಸ್‌ನಿಂದ ಶುರುಮಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಳ್ಳ ಪ್ರತಿ ಹಾಕಿಕೊಡುತ್ತೇವೆ ಎನ್ನುವವರನ್ನು ಮನೆಯ ಕಂಪ್ಯೂಟರಿನ ಹತ್ತಿರ ಸೇರಿಸಬೇಡಿ. ಅವರು ಹಾಕಿದ್ದರ ಜೊತೆಗೆ ಇನ್ನೇನು ಒಳಗೆ ಬಂತೆಂದು ನಿಮಗೆ ತಿಳಿಯುವುದಿಲ್ಲ.

ಹಳೆಯ ಎಲಿಮೆಂಟ್ಸ್ ಇದ್ದು ಕ್ಯಾಮರಾ ಹೊಸದಾಗಿದ್ದರೆ ಫೈಲ್ ತೆರೆಯದೆ ಇರಬಹುದು. ಅದಕ್ಕೆ ಅಡೋಬಿಯವರ ‘ಡಿಎನ್‌ಜಿ ಕನ್ವರ್ಟರ್’ ಎಂಬ ಪುಕ್ಕಟೆ ಸಾಧನವಿದೆ. ಎನ್‌ಇಎಫ್ ಆಗಲಿ ಸಿಆರ್3 ಆಗಲಿ, ಎಲ್ಲರೂ ಓದಬಲ್ಲ ಡಿಎನ್‌ಜಿಗೆ ಅದು ಬದಲಿಸಿಕೊಡುತ್ತದೆ. ಸ್ಟುಡಿಯೋದವರು ಹೇಳಿದ ‘ಕನ್ವರ್ಟ್’ ಕೆಲಸಕ್ಕೆ ನಾಲ್ಕು ದಿನ ಬೇಡ. ಒಂದು ಫೋಲ್ಡರ್ ತೋರಿಸಿ ಗುಂಡಿ ಒತ್ತಿ, ಮಧ್ಯಾಹ್ನದ ಊಟ ಮುಗಿಸಿ ಬಂದರೆ ಆಗಿರುತ್ತದೆ.

ಕೆಲಸ ಶುರುಮಾಡುವ ಮೊದಲು ಒಂದು ಮಾತು. ಆರುನೂರನ್ನೂ ತಿದ್ದಲು ಕೂರಬೇಡಿ. ಕಣ್ಣು ಮುಚ್ಚಿದವು, ಅಲುಗಾಡಿದವು, ಒಂದೇ ಭಂಗಿಯ ಹತ್ತು ಪ್ರತಿಗಳು, ಯಾರದೋ ಬೆನ್ನು ಅಡ್ಡ ಬಂದವು, ಇವನ್ನೆಲ್ಲ ಬದಿಗಿಟ್ಟು ನೂರೋ ನೂರಿಪ್ಪತ್ತೋ ಆರಿಸಿಕೊಳ್ಳಿ. ಈ ಕೆಲಸಕ್ಕೆ ಉಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಅತ್ತೆಯ ಫೋಟೋ ಬಿಟ್ಟುಹೋದರೆ ಹತ್ತು ವರ್ಷ ಮಾತು ಕೇಳಬೇಕಾಗುತ್ತದೆಂದು ಯಾವ ಸಾಫ್ಟ್‌ವೇರಿಗೂ ಗೊತ್ತಿರುವುದಿಲ್ಲ.

ಇನ್ನು ರಾ ಕಿಟಕಿ. ಎಲಿಮೆಂಟ್ಸ್‌ನಲ್ಲಿ ಎನ್‌ಇಎಫ್ ಅಥವಾ ಡಿಎನ್‌ಜಿ ಫೈಲನ್ನು ತೆರೆದರೆ ಮುಖ್ಯ ಪರದೆಗೆ ಮೊದಲು ‘ಕ್ಯಾಮರಾ ರಾ’ ಎಂಬ ಬೇರೆ ಕಿಟಕಿ ಬರುತ್ತದೆ. ಬಲಗಡೆ ಎಳೆಯುವ ಕಡ್ಡಿಗಳ ಸಾಲು. ದೊಡ್ಡ ಫೋಟೋಶಾಪಿನಷ್ಟು ಇಲ್ಲ, ಅದೇ ಅನುಕೂಲ. ಬಣ್ಣ ಮತ್ತು ಬೆಳಕಿನ ಕೆಲಸವನ್ನೆಲ್ಲ ಇಲ್ಲೇ ಮುಗಿಸಿ, ಆಮೇಲೆ ಒಳಗೆ ಹೋಗಿ. ಏಕೆಂದರೆ ಎಲಿಮೆಂಟ್ಸ್‌ನ ಒಳಗಿನ ಎಷ್ಟೋ ಉಪಕರಣಗಳು 8 ಬಿಟ್ ಚಿತ್ರದ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಅಲ್ಲಿಗೆ ಹೋದ ಮೇಲೆ ಆ ನಾಲ್ಕು ಸಾವಿರ ಮೆಟ್ಟಿಲುಗಳು 256ಕ್ಕೆ ಇಳಿದಿರುತ್ತವೆ.

ಮೊದಲ ಕಡ್ಡಿ ವೈಟ್ ಬ್ಯಾಲೆನ್ಸ್. ನಮ್ಮ ಮದುವೆ ಮನೆಗಳ ಫೋಟೋ ಕೆಡುವುದು ಹೆಚ್ಚಾಗಿ ಇಲ್ಲೇ. ಚಪ್ಪರದಲ್ಲಿ ಹಳದಿ ಬಲ್ಬು, ಒಳಗೆ ಟ್ಯೂಬ್‌ಲೈಟು, ವೇದಿಕೆಗೆ ನೇರಳೆ ಎಲ್‌ಇಡಿ, ಕಿಟಕಿಯಿಂದ ಹಗಲು ಬೆಳಕು. ನಮ್ಮ ಕಣ್ಣು ಇದನ್ನೆಲ್ಲ ತಾನೇ ಸರಿಮಾಡಿಕೊಳ್ಳುತ್ತದೆ, ಕ್ಯಾಮರಾಕ್ಕೆ ಆಗುವುದಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳದಿ ಬಲ್ಬಿಗೆ ಸುಮಾರು 2700ರಿಂದ 3000, ಮಧ್ಯಾಹ್ನದ ಬಿಸಿಲಿಗೆ 5500ರ ಆಸುಪಾಸು, ನೆರಳಿಗೆ 7000ಕ್ಕೂ ಮೇಲೆ. ಜೆಪೆಗ್ ತೆಗೆದಿದ್ದರೆ ತಪ್ಪು ಬಣ್ಣ ಒಳಗೆ ಬೆಂದುಹೋಗಿರುತ್ತದೆ. ರಾ ಫೈಲಿನಲ್ಲಿ ಅದು ಬರಿಯ ಒಂದು ಟಿಪ್ಪಣಿ, ನೀವು ಅಳಿಸಿ ಬೇರೆ ಬರೆಯಬಹುದು.

ಇದಕ್ಕೆ ಹನಿಗೊಳವೆಯ ಗುರುತಿನ ಒಂದು ಸಾಧನ ಇರುತ್ತದೆ. ಚಿತ್ರದಲ್ಲಿ ಬಣ್ಣವಿಲ್ಲದ, ಬೂದಿಯೋ ತಿಳಿ ಬಿಳಿಯೋ ಆದ ಜಾಗದ ಮೇಲೆ ಒತ್ತಿದರೆ ಉಳಿದ ಬಣ್ಣಗಳೆಲ್ಲ ಅದಕ್ಕೆ ತಕ್ಕಂತೆ ಸರಿಯುತ್ತವೆ. ಎಲ್ಲಿ ಒತ್ತುವುದು ಎಂಬುದರಲ್ಲಿದೆ ಜಾಣ್ಮೆ. ಮದುಮಗಳ ಮುಡಿಯಲ್ಲಿ ಶಂಕರಪುರ ಮಲ್ಲಿಗೆ ಇದೆಯಲ್ಲ, ಅದರ ಮೇಲೆ ಒತ್ತೋಣ ಎನಿಸುತ್ತದೆ. ಮೊಗ್ಗಿನಲ್ಲಿ ತುಸು ಹಸಿರು ಹಳದಿ ಛಾಯೆ ಇರುತ್ತದೆ, ಅದನ್ನು ಶುದ್ಧ ಬಿಳಿ ಎಂದು ಹೇಳಿದರೆ ಮುಖ ನೇರಳೆಗೆ ವಾಲುತ್ತದೆ. ಮದುಮಗನ ಬಿಳಿ ಅಂಗಿಯ ಮೇಲೆ ಒತ್ತಿದರೆ ಇನ್ನೊಂದು ತೊಂದರೆ. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕದೆ ಒಗೆಯುವುದುಂಟೇ? ಆ ನೀಲಿಯನ್ನು ಬಿಳಿ ಎಂದು ನಂಬಿದ ಸಾಫ್ಟ್‌ವೇರ್ ಎಲ್ಲರನ್ನೂ ಹಳದಿ ಮಾಡಿಬಿಡುತ್ತದೆ. ನೆರಳಿನಲ್ಲಿರುವ ಬಿಳಿ ಗೋಡೆ, ಸ್ಟೀಲಿನ ಪಾತ್ರೆಯ ಬೂದಿ ಭಾಗ, ಕನ್ನಡಕದ ಬೂದಿ ಫ್ರೇಮು ಇಂಥವು ವಾಸಿ. ಮುಂದಿನ ಮದುವೆಗೆ ಹೋಗುವಾಗ ಪರ್ಸಿನಲ್ಲಿ ಒಂದು ಬೂದಿ ಬಣ್ಣದ ಕಾರ್ಡ್ ಇಟ್ಟುಕೊಳ್ಳಿ, ಬೆಳಕು ಬದಲಾದಾಗಲೆಲ್ಲ ಯಾರಾದರೂ ಮಗುವಿನ ಕೈಗೆ ಕೊಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಅದರ ಮೇಲೆ ಒತ್ತಿದರೆ ಸಾಕು.

ಒಂದೇ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಒಟ್ಟಿಗೆ ತೆರೆದು, ಎಲ್ಲವನ್ನೂ ಆರಿಸಿಕೊಂಡು ತಿದ್ದಿದರೆ ಒಂದಕ್ಕೆ ಮಾಡಿದ್ದು ಎಲ್ಲಕ್ಕೂ ಆಗುತ್ತದೆ. ರಾಥೆರಪಿಯಲ್ಲಾದರೆ ಒಂದರ ತಿದ್ದುಪಡಿಯನ್ನು ನಕಲು ಮಾಡಿ ಇನ್ನೊಂದಕ್ಕೆ ಅಂಟಿಸಬಹುದು. ನೂರಿಪ್ಪತ್ತು ಫೋಟೋ ಎಂದರೆ ಹೆದರಬೇಕಾಗಿಲ್ಲ. ನಿಜವಾಗಿ ಇರುವುದು ಏಳೆಂಟು ಬೆಳಕುಗಳು.

ಆಮೇಲೆ ಬೆಳಕು, ಅಂದರೆ ಎಕ್ಸ್‌ಪೋಶರ್. ನಮ್ಮ ಹೆಂಗಸರ ಗುಂಪು ಫೋಟೋಗಳಲ್ಲಿ ಒಂದು ವಿಶೇಷ ತೊಂದರೆ ಇದೆ, ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಹತ್ತು ಮಂದಿ ಕಪ್ಪು ಬುರ್ಖಾ ಹಾಕಿ ಸಾಲಾಗಿ ನಿಂತರೆ ಚಿತ್ರದ ಹೆಚ್ಚಿನ ಭಾಗ ಕಪ್ಪು. ಕ್ಯಾಮರಾಕ್ಕೆ ಅದು ಬುರ್ಖಾ ಎಂದು ಗೊತ್ತಿಲ್ಲ, ಕತ್ತಲೆ ಎಂದುಕೊಳ್ಳುತ್ತದೆ. ಬೆಳಕು ಸಾಲದೆಂದು ಇನ್ನಷ್ಟು ಬೆಳಕು ತೆಗೆದುಕೊಳ್ಳುತ್ತದೆ. ಆಗ ಕಪ್ಪು ಬಟ್ಟೆ ಬೂದಿಯಾಗಿ, ಮುಖಗಳು ಸುಣ್ಣ ಬಳಿದಂತೆ ಆಗುತ್ತವೆ. ತೆಗೆಯುವಾಗಲೇ ಕ್ಯಾಮರಾದಲ್ಲಿ ಬೆಳಕನ್ನು ಒಂದು ಹಂತ ಇಳಿಸಿಕೊಳ್ಳುವುದು ಸರಿಯಾದ ದಾರಿ. ಇಳಿಸದೆ ತೆಗೆದದ್ದಾದರೆ ರಾ ಕಿಟಕಿಯಲ್ಲಿ ಎಕ್ಸ್‌ಪೋಶರ್ ಸ್ವಲ್ಪ ಹಿಂದಕ್ಕೆ ಎಳೆಯಿರಿ, ‘ಹೈಲೈಟ್ಸ್’ ಕಡ್ಡಿಯನ್ನು ಎಡಕ್ಕೆ ಸರಿಸಿ. ಕೆನ್ನೆಯ ಹೊಳಪಿನಲ್ಲಿ ಕಳೆದುಹೋದಂತೆ ಕಂಡ ಚರ್ಮದ ಬಣ್ಣ ಬಹಳಷ್ಟು ಸಲ ತಿರುಗಿ ಬರುತ್ತದೆ. ನಂತರ ‘ಶಾಡೋಸ್’ ಕಡ್ಡಿಯನ್ನು ತುಸು ಬಲಕ್ಕೆ ಎಳೆದರೆ ಕಪ್ಪು ಮುದ್ದೆಯಂತಿದ್ದ ಬುರ್ಖಾದಲ್ಲಿ ನೆರಿಗೆ, ಅಂಚಿನ ಕಸೂತಿ, ಕೈಯ ಮಣಿಗಳು ಒಂದೊಂದಾಗಿ ಕಾಣುತ್ತವೆ. ಜೆಪೆಗ್‌ನಲ್ಲಿ ಇಷ್ಟು ಎಳೆದರೆ ಅಲ್ಲಿ ಬರಿಯ ಕಲೆಗಳು ಎದ್ದು ಬರುತ್ತಿದ್ದವು.

ಆದರೆ ರಾ ಎಂದರೆ ಕರಾಮತ್ತಲ್ಲ. ಸೆನ್ಸರ್ ತುಂಬಿ ಚೆಲ್ಲುವಷ್ಟು ಬೆಳಕು ಬಿದ್ದಿದ್ದರೆ ಅಲ್ಲಿ ಲೆಕ್ಕವೇ ಬರೆದಿರುವುದಿಲ್ಲ, ತರುವುದಾದರೂ ಎಲ್ಲಿಂದ? ಮದುಮಗಳ ಚಿನ್ನದಲ್ಲಿ ಇದು ಹೆಚ್ಚು. ಹಳದಿ ಬೆಳಕಿನಲ್ಲಿ ಚಿನ್ನಕ್ಕೆ ಕೆಂಪು ಭಾಗ ಮೊದಲು ತುಂಬಿ ಚೆಲ್ಲುತ್ತದೆ. ಆಗ ಸರದ ಕೆತ್ತನೆಯೆಲ್ಲ ಹೋಗಿ ಹಳದಿ ಕಾಗದ ಅಂಟಿಸಿದಂತೆ ಕಾಣುತ್ತದೆ. ರಾ ಕಿಟಕಿಯ ಮೇಲಿನ ಮೂಲೆಗಳಲ್ಲಿ ಎರಡು ಸಣ್ಣ ತ್ರಿಕೋನಗಳಿವೆ. ಅವನ್ನು ಒತ್ತಿಟ್ಟರೆ ಚೆಲ್ಲಿಹೋದ ಬೆಳಕಿನ ಜಾಗ ಕೆಂಪಾಗಿಯೂ ಮುಳುಗಿಹೋದ ಕತ್ತಲೆ ನೀಲಿಯಾಗಿಯೂ ಕಾಣುತ್ತದೆ. ಹೈಲೈಟ್ಸ್ ಇಳಿಸಿದಾಗ ಕೆಂಪು ಮಾಯವಾದರೆ ಕೆತ್ತನೆ ಉಳಿದಿದೆ ಎಂದರ್ಥ. ಮಾಯವಾಗದಿದ್ದರೆ ಆ ಫೋಟೋ ಬಿಟ್ಟು ಇನ್ನೊಂದನ್ನು ಆರಿಸಿ.

ಇದನ್ನೆಲ್ಲ ಮದುವೆಯ ಫೋಟೋದ ಮೇಲೆಯೇ ಕಲಿಯಬೇಕೆಂದಿಲ್ಲ. ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಕಾಪು ಕಡಲತೀರಕ್ಕೆ ಹೋಗಿ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಹಿಂದೆ ಮುಳುಗುವ ಸೂರ್ಯ, ಮುಂದೆ ಮಕ್ಕಳು. ಆಕಾಶ ಸರಿಯಾದರೆ ಮಕ್ಕಳು ಕಪ್ಪಾಗುತ್ತಾರೆ, ಮಕ್ಕಳು ಸರಿಯಾದರೆ ಆಕಾಶ ಬಿಳಿಚುತ್ತದೆ. ಆಕಾಶಕ್ಕೆ ತಕ್ಕಂತೆ ರಾದಲ್ಲಿ ತೆಗೆದು, ಮನೆಯಲ್ಲಿ ಶಾಡೋಸ್ ಎತ್ತಿ ನೋಡಿ. ಎಷ್ಟು ಎತ್ತಿದರೆ ಚಂದ, ಎಲ್ಲಿಂದ ಕಾಳುಕಾಳಾಗಿ ಅಸಹ್ಯವಾಗುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ.

ಕಾಳು ಎಂದೆನಲ್ಲ, ಅದನ್ನು ನಾಯ್ಸ್ ಎನ್ನುತ್ತಾರೆ. ಕಡಿಮೆ ಬೆಳಕಿನ ಕೋಣೆಯಲ್ಲಿ ಐಎಸ್‌ಒ 3200ಕ್ಕೋ 6400ಕ್ಕೋ ಏರಿಸಿ ತೆಗೆದಾಗ ಬರುತ್ತದೆ. ‘ಡೀಟೇಲ್’ ಎಂಬ ಪುಟದಲ್ಲಿ ಇದನ್ನು ಇಳಿಸುವ ಕಡ್ಡಿ ಇದೆ. ಬಣ್ಣದ ಕಾಳನ್ನು ಧೈರ್ಯವಾಗಿ ಇಳಿಸಿ, ಬೆಳಕಿನ ಕಾಳನ್ನು ಅರೆಬರೆ ಬಿಡಿ. ಪೂರ್ತಿ ಇಳಿಸಿದರೆ ಅಜ್ಜಿಯ ಮುಖದ ಸುಕ್ಕು ಹೋಗಿ ಮೇಣದ ಗೊಂಬೆಯಾಗುತ್ತಾರೆ. ಎಪ್ಪತ್ತೈದು ವರ್ಷ ಬಾಳಿ ಗಳಿಸಿದ ಸುಕ್ಕು ಅದು, ಅಳಿಸಲು ನಾವ್ಯಾರು?

ಮದರಂಗಿಯ ಬಣ್ಣದ ಬಗ್ಗೆಯೂ ಹೇಳಬೇಕು. ತೊಳೆದ ಕೂಡಲೇ ಅದು ಕಿತ್ತಳೆ, ಒಂದೆರಡು ದಿನದಲ್ಲಿ ಗಾಳಿ ತಾಗಿ ಕಡು ಕೆಂಪಾಗುತ್ತದೆ. ಹಾಗಾಗಿ ಮದರಂಗಿ ರಾತ್ರಿಯ ಫೋಟೋದಲ್ಲಿ ಕಿತ್ತಳೆ ಕಂಡರೆ ಅದು ಸರಿಯಾದ ಬಣ್ಣವೇ. ಕಪ್ಪು ಕೆಂಪು ಬರಲೆಂದು ‘ಸ್ಯಾಚುರೇಶನ್’ ಎಳೆದರೆ ಮದರಂಗಿಯ ಜೊತೆ ತುಟಿ, ಕೆನ್ನೆ, ಕಿವಿ ಎಲ್ಲವೂ ಕೆಂಡವಾಗುತ್ತವೆ. ಬೇಕೇ ಬೇಕಾದರೆ ‘ವೈಬ್ರೆನ್ಸ್’ ಎಂಬ ಪಕ್ಕದ ಕಡ್ಡಿ ಬಳಸಿ. ಅದು ಮಂಕಾದ ಬಣ್ಣಗಳನ್ನು ಹೆಚ್ಚು ಎತ್ತುತ್ತದೆ, ಚರ್ಮದ ಬಣ್ಣವನ್ನು ಅಷ್ಟು ಕೆಡಿಸುವುದಿಲ್ಲ.

ಮನೆಯಲ್ಲೇ ತಿದ್ದುವುದರಿಂದ ಸಿಗುವ ದೊಡ್ಡ ಲಾಭ ಇನ್ನೊಂದಿದೆ. ಮದುವೆ ಆಲ್ಬಮ್ ಬಂದಾಗ ಮನೆಯವರು, “ಇದು ನಮ್ಮ ಹುಡುಗಿಯೇ?” ಎಂದು ಕೇಳುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಹೆಣ್ಣುಮಕ್ಕಳೆಲ್ಲ ಆಲ್ಬಮ್‌ನಲ್ಲಿ ಹಾಲಿನಲ್ಲಿ ಅದ್ದಿ ತೆಗೆದಂತೆ ಬಂದಿರುತ್ತಾರೆ. ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಕೇಳಿದರೆ, “ಗಿರಾಕಿಗಳು ಹಾಗೇ ಕೇಳುತ್ತಾರೆ” ಎಂಬ ಉತ್ತರ. ಅದು ಪೂರಾ ಸುಳ್ಳೂ ಅಲ್ಲ, ಕೇಳುವವರು ನಾವೇ. ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಿನಿಂದಲೇ 2020ರಲ್ಲಿ ‘ಫೇರ್’ ಎಂಬ ಮಾತನ್ನು ಕಂಪೆನಿ ತೆಗೆದುಹಾಕಿತು. ನಮ್ಮ ಆಲ್ಬಮ್‌ಗಳಲ್ಲಿ ಅದು ಹಾಗೇ ಉಳಿದಿದೆ.

ಇದರ ಬೇರು ಹಳೆಯದು. ಫಿಲ್ಮ್ ಕಾಲದಲ್ಲಿ ಕೊಡಕ್ ಕಂಪೆನಿ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳುಹಿಸುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಂಗಸಿನ ಚಿತ್ರ. ‘ಶರ್ಲಿ ಕಾರ್ಡ್’ ಎಂದೇ ಅದಕ್ಕೆ ಹೆಸರು. ಅವಳ ಚರ್ಮ ಚಂದ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಉಳಿದ ಜಗತ್ತಿನ ಕಪ್ಪು, ಕಂದು ಮುಖಗಳು ಹೇಗೆ ಬಂದವೆಂದು ದಶಕಗಳ ಕಾಲ ಯಾರೂ ಕೇಳಲಿಲ್ಲ. 1990ರ ದಶಕದಲ್ಲಿ ಹಲವು ಮೈಬಣ್ಣದ ಹೆಂಗಸರಿರುವ ಕಾರ್ಡುಗಳು ಬಂದವು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಕಪ್ಪು, ಕಂದು ಮುಖಗಳು ಸಹಜವಾಗಿ ಬರಲೆಂದೇ ‘ರಿಯಲ್ ಟೋನ್’ ಎಂಬುದನ್ನು ಸೇರಿಸಿತು. ಇದನ್ನೆಲ್ಲ ಹೇಳಿದ್ದು ಏಕೆಂದರೆ ಸಾಫ್ಟ್‌ವೇರಿನಲ್ಲಿ ‘ಆಟೋ’ ಎಂಬ ಗುಂಡಿ ಇರುತ್ತದೆ. ಒತ್ತಿ ನೋಡಿ, ಆದರೆ ಅದು ಹೇಳಿದ್ದೇ ಸರಿ ಎಂದು ಬಿಡಬೇಡಿ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ ಅವಳ ಕೈಯನ್ನು ಪರದೆಯ ಹತ್ತಿರ ಹಿಡಿದು ನೋಡಿ ತಿದ್ದಿ. ಯಾವ ಸ್ಟುಡಿಯೋಗೂ ಇಲ್ಲದ ಅನುಕೂಲ ಅದು.

ಎಷ್ಟು ತಿದ್ದಬಹುದು ಎಂಬ ಪ್ರಶ್ನೆ ದೊಡ್ಡವರ ಲೋಕದಲ್ಲೂ ಇದೆ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ಹಿಂದಿನ ಹಂತಕ್ಕೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇ. 20ನ್ನು ಮೂಲ ಫೈಲಿನ ಜೊತೆ ಹೋಲಿಸಿ ನೋಡಿ ತಿರಸ್ಕರಿಸಿದರು. ಅದೇ ವರ್ಷ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾದಿಂದ ತಿದ್ದಿದ ಚಿತ್ರ ಬೇಡ, ಕ್ಯಾಮರಾ ಕೊಟ್ಟ ಜೆಪೆಗ್ ಮಾತ್ರ ಕಳುಹಿಸಿ ಎಂದಿತು. ಮದುವೆ ಆಲ್ಬಮ್ ಸುದ್ದಿಯಲ್ಲ, ಅಷ್ಟು ಕಟ್ಟುನಿಟ್ಟು ಬೇಡ. ಕೆನ್ನೆಯ ಮೊಡವೆ ತೆಗೆಯಿರಿ, ಎರಡು ದಿನದಲ್ಲಿ ತಾನೇ ಹೋಗುವಂಥದ್ದು ಅದು. ಮಚ್ಚೆ ತೆಗೆಯಬೇಡಿ.

ನೀವು ಏನೇ ತಿದ್ದಿದರೂ ಮೂಲ ರಾ ಫೈಲ್ ಬದಲಾಗುವುದಿಲ್ಲ. ತಿದ್ದಿದ ವಿವರ ಪಕ್ಕದಲ್ಲಿ ಒಂದು ಸಣ್ಣ ಫೈಲಿನಲ್ಲಿ ಇರುತ್ತದೆ. ಅಡೋಬಿ ಮತ್ತು ಡಾರ್ಕ್‌ಟೇಬಲ್‌ನಲ್ಲಿ ಅದು ಎಕ್ಸ್‌ಎಂಪಿ, ರಾಥೆರಪಿಯಲ್ಲಿ ಪಿಪಿ3. ಡಿಎನ್‌ಜಿ ಆದರೆ ಅಡೋಬಿ ಆ ವಿವರವನ್ನು ಫೈಲಿನ ಒಳಗೇ ಬರೆದಿಡುತ್ತದೆ. ಬೇರೆ ಡಿಸ್ಕಿಗೆ ಸಾಗಿಸುವಾಗ ಈ ಸಣ್ಣ ಫೈಲುಗಳನ್ನು ಕಸವೆಂದು ಅಳಿಸಬೇಡಿ, ವಾರದ ದುಡಿಮೆ ಹೋದೀತು. ಮುದ್ರಣಕ್ಕೆ ಕೊಡುವಾಗ ಜೆಪೆಗ್ ಮಾಡಿ ಕೊಡಿ. 8 ಇಂಚು 12 ಇಂಚಿನ ಆಲ್ಬಮ್ ಪುಟಕ್ಕೆ 2400 ಗುಣಿಸು 3600 ಪಿಕ್ಸೆಲ್ ಇದ್ದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಗಲ್ಫಿನ ಅಣ್ಣನಿಗೆ ಕಳುಹಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳುಹಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿಬಿಡುತ್ತದೆ.

ಈಗ ಉಮ್ಮನ ಮಾತಿಗೆ ಬರೋಣ. ಫಿಲ್ಮ್ ಇದ್ದ ಕಾಲದಲ್ಲೂ ಈ ಅಂಜಿಕೆ ಇತ್ತು. ರೀಲು ತೊಳೆಯುವುದು ಪರರ ಕೈಯಲ್ಲಿ, ನೆಗೆಟಿವ್ ಉಳಿಯುವುದು ಸ್ಟುಡಿಯೋದ ಕಪಾಟಿನಲ್ಲಿ. ಆದರೆ ನೆಗೆಟಿವ್ ಅಲ್ಲಿಂದ ಎಲ್ಲಿಗೂ ಓಡುತ್ತಿರಲಿಲ್ಲ. ಇಂದಿನ ಫೈಲಿಗೆ ಕಾಲುಗಳಿವೆ. ಸ್ಟುಡಿಯೋದಿಂದ ಆಲ್ಬಮ್ ವಿನ್ಯಾಸ ಮಾಡುವವನಿಗೆ, ಅಲ್ಲಿಂದ ಲ್ಯಾಬಿಗೆ, ನಡುವೆ ಯಾರಾದರೂ ತಮ್ಮ ಕೆಲಸ ತೋರಿಸಲು ಇನ್‌ಸ್ಟಾಗ್ರಾಂಗೆ. ಯಾರಲ್ಲೂ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಸಾರ್ವಜನಿಕವಾಗಿ ಸಿಕ್ಕ ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಕದ್ದು 2021ರ ಜುಲೈಯಲ್ಲೂ ಮತ್ತೆ 2022ರ ಜನವರಿಯಲ್ಲೂ ಅಂತರ್ಜಾಲದಲ್ಲಿ ‘ಹರಾಜಿ’ಗಿಟ್ಟ ನೀಚತನವನ್ನು ನಾವು ನೋಡಿದ್ದೇವೆ. ಅದನ್ನು ನೋಡಿದ ಮೇಲೂ ಇಂಥ ಉಮ್ಮಂದಿರನ್ನು ಹಳೆಯ ಕಾಲದವರು ಎನ್ನುವುದು ಸರಿಯಲ್ಲ.

ಸ್ಟುಡಿಯೋದವರಿಗೆ ಕೆಲಸ ಕೊಡಲೇಬಾರದು ಎಂದಲ್ಲ. ಎಷ್ಟೋ ಮಂದಿ ಪ್ರಾಮಾಣಿಕರು, ಹೆಂಗಸರ ಕಡೆಗೆ ಮಹಿಳಾ ಛಾಯಾಗ್ರಾಹಕರನ್ನೇ ಕಳುಹಿಸುವವರೂ ಇದ್ದಾರೆ. ಆದರೆ ನಿಮ್ಮ ಹಕ್ಕು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಯಾರು ಫೋಟೋ ತೆಗೆಸುತ್ತಾರೋ, ಬೇರೆ ಒಪ್ಪಂದ ಇಲ್ಲದಿದ್ದರೆ ಅವರೇ ಅದರ ಮೊದಲ ಹಕ್ಕುದಾರರು. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತನ್ನು ಗಮನಿಸಿ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಫೋಟೋಗಳನ್ನು ಪ್ರಚಾರಕ್ಕೆ ಬಳಸುವ ಹಕ್ಕು ಸ್ಟುಡಿಯೋದ್ದು ಎಂದು ಅಚ್ಚಾಗಿದ್ದರೆ, ಅದಕ್ಕೆ ನೀವು ಸಹಿ ಹಾಕಿದ್ದರೆ, ಕಥೆ ಬೇರೆ. ಮುಂಗಡ ಕೊಡುವ ಮೊದಲೇ ಅದನ್ನು ಹೊಡೆದುಹಾಕಿಸಿ. ರಾ ಫೈಲುಗಳನ್ನು ನಮಗೆ ಕೊಡಬೇಕು, ನಮ್ಮ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬಾರದು, ಆಲ್ಬಮ್ ಕೊಟ್ಟ ಇಷ್ಟು ದಿನದಲ್ಲಿ ತಮ್ಮ ಪ್ರತಿ ಅಳಿಸಬೇಕು ಎಂದು ಬರೆಸಿಕೊಳ್ಳಿ. ಉಚ್ಚಿಲದ ಸಹೋದರಿ ಯಾರಿಂದಲೂ ದುಡ್ಡು ತೆಗೆದುಕೊಳ್ಳದೆ ತಾವೇ ತೆಗೆದವರು, ಆದ್ದರಿಂದ ಆ ಫೋಟೋಗಳ ಹಕ್ಕು ಅವರದೇ.

ಕಾರ್ಡಿನ ಬಗ್ಗೆ ಎಚ್ಚರ. ಡಿಲೀಟ್ ಮಾಡಿದ, ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಫೋಟೋಗಳನ್ನು ತಿರುಗಿ ತೆಗೆಯುವ ಸಾಫ್ಟ್‌ವೇರುಗಳಿವೆ. ಮದುವೆಗೆ ಬಳಸಿದ ಕಾರ್ಡನ್ನು ಬೇರೆಯವರಿಗೆ ಎರವಲು ಕೊಡಬೇಡಿ, ಹಳೆಯ ಕ್ಯಾಮರಾ ಮಾರುವಾಗ ಅದರ ಜೊತೆ ಮಾರಬೇಡಿ. ಫೋನಿನಲ್ಲಿ ತೆಗೆದ ಫೋಟೋಗಳಲ್ಲಿ ಮನೆಯ ಜಾಗದ ಗುರುತೂ ಸೇರಿಕೊಂಡಿರಬಹುದು. ಹೊರಗೆ ಕಳುಹಿಸುವ ಮೊದಲು ಅದನ್ನು ತೆಗೆಯುವ ಆಯ್ಕೆ ಇದೆಯೇ ನೋಡಿ.

ರಾ ಫೈಲುಗಳ ಎರಡು ಪ್ರತಿ ಬೇರೆ ಬೇರೆ ಡಿಸ್ಕಿನಲ್ಲಿ ಇರಲಿ. ಒಂದು ನಿಮ್ಮಲ್ಲಿ, ಒಂದು ಮದುಮಗಳ ಕೈಯಲ್ಲಿ. ಕ್ಯಾಮರಾವನ್ನು ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಬೀರುವಿನಲ್ಲಿ ಇಡಬೇಡಿ. ನಮ್ಮ ಕಡಲತಡಿಯ ತೇವಕ್ಕೆ ಆಷಾಢ ಕಳೆಯುವುದರೊಳಗೆ ಲೆನ್ಸಿನಲ್ಲಿ ಬೂಸ್ಟು ಹಿಡಿಯುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣ ಬದಲಾಗುವ ಹರಳಿನ ಜೆಲ್ ಆದರೆ ತೇವ ಕುಡಿದದ್ದು ಕಣ್ಣಿಗೆ ಕಾಣುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಕೆಲವರು ಅಕ್ಕಿಯಲ್ಲಿ ಹುದುಗಿಸಿಡುತ್ತಾರೆ. ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ, ಬೇಡ.